ಸೋಮವಾರದ ಮೇವು

ಆ ಮನೆಯಲ್ಲಿ ಮಾವ ಸೊಸೆ ಮಾತಾಡುತ್ತಿರಲಿಲ್ಲ. ಜಗಳವೇನೂ ಇರಲಿಲ್ಲ. ಭಾಗ್ಯಜ್ಯೋತಿ ಮದುವೆಯಾಗಿ ಮುದ್ದೇಬಿಹಾಳದ ಈ ಓಣಿಗೆ ಬಂದ ದಿನದಿಂದ ಹಾಗೇ ನಡೆದುಬಂದಿತ್ತು. ಶಂಕರೆಪ್ಪ ಪಡಸಾಲೆಗೆ ಬಂದರೆ ಅವಳು ಸೆರಗನ್ನು ತಲೆಯ ಮೇಲೆಳೆದುಕೊಂಡು ಒಳಗೆ ಸರಿಯುವಳು. ಅವನಿಗೆ ಚಹಾ ಬೇಕಾದರೆ ಹೆಂಡತಿಯ ಕಡೆ ನೋಡಿ, "ಚಹಾ ಆಗೈತೇನು ಕೇಳು" ಅನ್ನುವನು. ಸೊಸೆ ಎರಡು ಮಾರು ದೂರದಲ್ಲೇ ಇರುವಳು, ಕೇಳಿಸಿಕೊಂಡು ಕಪ್ಪು ತುಂಬುತ್ತಲೂ ಇರುವಳು. ಆದರೂ ಬಾಳಮ್ಮ, "ಆಗೈತೇನವಾ?" ಎಂದು ಕೇಳಿಯೇ ಕೇಳುವಳು. ಮಾತು ಆ ದಾರಿಯಲ್ಲೇ ಹೋಗಬೇಕು, ಆ ದಾರಿಯಲ್ಲೇ ಬರಬೇಕು.

"ನಾ ಈ ಮನಿ ಟಪಾಲಿನಾಕಿ," ಎಂದು ಬಾಳಮ್ಮ ನಗುತ್ತಿದ್ದಳು. "ಪಗಾರ ಇಲ್ಲ, ಸೂಟಿ ಇಲ್ಲ."

ಮನೆಗೆ ಹೊಂದಿಕೊಂಡೇ ಶಂಕರೆಪ್ಪನ ಹಿಟ್ಟಿನ ಗಿರಣಿ. ಮನೆಗೂ ಗಿರಣಿಗೂ ನಡುವೆ ದನದ ಕೊಟ್ಟಿಗೆ. ಹೊಲ ಗೇಣಿಗೆ ಕೊಟ್ಟು ಎತ್ತು ಮಾರಿದ ಮೇಲೆ ಕೊಟ್ಟಿಗೆಯಲ್ಲಿ ಉಳಿದದ್ದು ಮೇವು ಹಾಕುವ ಕಲ್ಲಿನ ಗೋದಲಿ ಒಂದೇ. ಅದರಲ್ಲಿ ಈಗ ಖಾಲಿ ಚೀಲ, ಹಳೆಯ ಬೆಲ್ಟು, ಒಡೆದ ಜರಡಿ ತುಂಬಿದ್ದವು. ಎತ್ತು ಹೋದರೂ ಎತ್ತಿನ ಸೋಮವಾರ ಮಾತ್ರ ಹೋಗಿರಲಿಲ್ಲ. ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡಬಾರದು. ಶಂಕರೆಪ್ಪ ಆ ನೇಮವನ್ನು ಗಿರಣಿಗೆ ತಂದುಕೊಂಡಿದ್ದ. ರವಿವಾರ ಹೊತ್ತು ಮುಳುಗುವಾಗ ಕೊನೆಯ ಡಬ್ಬಿ ಹಿಟ್ಟು ಬೀಸಿ, ಮೇನ್ ಸ್ವಿಚ್ಚಿನ ಹಿಡಿಕೆಯನ್ನು ಕೆಳಗೆಳೆದು, ಗಿರಣಿಗೆ ವಿಭೂತಿ ಹಚ್ಚಿ ಕೈಮುಗಿದನೆಂದರೆ, ಆ ಹಿಡಿಕೆ ಮತ್ತೆ ಮೇಲೇರುವುದು ಸೋಮವಾರ ದೀಪ ಹಚ್ಚಿದ ಮೇಲೆಯೇ. ಆ ದಿನ ಅವನದು ಒಪ್ಪೊತ್ತಿನ ಊಟ. ಓಣಿಯ ಹೆಂಗಸರು ಇದನ್ನು ತಿಳಿದೇ ಜೋಳ ಹಸನು ಮಾಡುತ್ತಿದ್ದರು.

ಆ ವರ್ಷ ಭಾಗ್ಯಜ್ಯೋತಿಗೆ ಗೊಳಸಂಗಿಯ ಸರ್ಕಾರಿ ಹೈಸ್ಕೂಲಿಗೆ ವರ್ಗವಾಯಿತು. ಅವಳು ವಿಜ್ಞಾನದ ಶಿಕ್ಷಕಿ. ಗೊಳಸಂಗಿ ಇರುವುದು ನಿಡಗುಂದಿಯ ಆಚೆ, ಬಸವನ ಬಾಗೇವಾಡಿಯ ಕಡೆ. ನಿಡಗುಂದಿಯಲ್ಲಿ ಬಸ್ಸು ಬದಲಿಸಬೇಕು. ಒಂದು ಸಿಕ್ಕರೆ ಇನ್ನೊಂದು ಹೋಗಿರುತ್ತಿತ್ತು. ಬೆಳಗ್ಗೆ ಕತ್ತಲಲ್ಲಿ ಬಿಟ್ಟರೆ ಸಂಜೆ ಕತ್ತಲಲ್ಲೇ ಮನೆ. ಮಗಳು ವಿಜಯಶ್ರೀ ಹತ್ತನೆಯ ತರಗತಿ. ಅವಳು ಪುಸ್ತಕ ತೆರೆದು ತಾಯಿಯ ದಾರಿ ಕಾಯುತ್ತ ಕುಳಿತಲ್ಲೇ ತೂಕಡಿಸುವಳು.

ಗೊಳಸಂಗಿಯಲ್ಲೇ ರೂಮು ಮಾಡಿಕೊಂಡಿದ್ದ ಸಗೀರಾ ಎಂಬ ಶಿಕ್ಷಕಿ, "ಅರ್ಧಾ ರೂಮ್ ಖಾಲಿನಽ ಐತ್ರಿ ಮೇಡಂ, ಬಂದಬಿಡ್ರಿ. ವಾರಕ್ಕೊಮ್ಮೆ ಮನಿಗೆ ಹೋಗಿ ಬರ್ರಿ," ಎಂದಿದ್ದಳು. ಭಾಗ್ಯಜ್ಯೋತಿ ಆ ಮಾತನ್ನು ಮನೆಯಲ್ಲಿ ಒಂದೇ ಸಲ ಹೇಳಿದಳು. ಮತ್ತೆ ಎತ್ತಲಿಲ್ಲ. ಆದರೆ ಅಂದಿನಿಂದ ಊಟಕ್ಕೆ ಕುಳಿತಾಗ ಎಲ್ಲರೂ ಒಂದೊಂದು ಸಲ ವಿಜಯಶ್ರೀಯ ಮುಖ ನೋಡತೊಡಗಿದರು.

ಕಾಲೇಜಿನಲ್ಲಿ ಕಾಮರ್ಸ್ ಪಾಠ ಹೇಳುವ ಗಂಡ ಸಂಜೀವಕುಮಾರ, ದೀಪಾವಳಿ ಮುಗಿದ ಮೇಲೆ ಒಂದು ದಿನ ವಿಜಯಪುರಕ್ಕೆ ಹೋಗಿ, ಯಾರೋ ಓಡಿಸಿ ಬಿಟ್ಟಿದ್ದ ಸಣ್ಣ ನೀಲಿ ಕರೆಂಟ್ ಕಾರನ್ನು ತಂದು ಬಾಗಿಲಲ್ಲಿ ನಿಲ್ಲಿಸಿದ. ಹೊಟ್ಟೆ ತುಂಬ ಚಾರ್ಜ್ ಇದ್ದರೆ ಗೊಳಸಂಗಿಗೆ ಹೋಗಿ ಬಂದು ಇನ್ನೂ ಸ್ವಲ್ಪ ಮಿಗುತ್ತಿತ್ತು.

ಶಂಕರೆಪ್ಪ ಅದರ ಸುತ್ತ ಒಂದು ಸುತ್ತು ಬಂದ. ಬಗ್ಗಿ ಕೆಳಗೆ ನೋಡಿದ.

"ಡೀಸಲ್ ಎಲ್ಲಿ ಹಾಕ್ತಾರ?"

"ಡೀಸಲ್ ಇಲ್ಲಪ್ಪಾ."

"ಸಪ್ಪಳ?"

"ಅದೂ ಇಲ್ಲ."

"ಮತ್ತ ಏನ್ ತಿಂತೈತಿ?"

"ಕರೆಂಟ್."

"ಅಷ್ಟಽ?" ಎಂದು ಅವನು ಹಿಟ್ಟು ಮೆತ್ತಿದ ಹುಬ್ಬು ಏರಿಸಿದ. "ಮೈ ತಿಕ್ಕೂದು ಬ್ಯಾಡ, ಸಗಣಿ ಬಳಿಯೂದು ಬ್ಯಾಡ. ಛಲೋ ಆತು."

ಕಾರಿನ ಜೊತೆ ಒಂದು ಉದ್ದ ವಾಯರು ಬಂದಿತ್ತು, ನಡುವೆ ಪುಟ್ಟ ಪೆಟ್ಟಿಗೆ, ತುದಿಗೆ ದಪ್ಪ ಮೂರು ಕಾಲಿನ ಪಿನ್ನು. ಆ ಪಿನ್ನು ಮನೆಯ ಯಾವ ಗೋಡೆಗೂ ಹೊಂದಲಿಲ್ಲ. ಗಿರಣಿಯ ಬೋರ್ಡಿನಲ್ಲಿ ಮಾತ್ರ ಹೊಂದಿತು.

"ನಾಕು ದಿನದ ಮಟ್ಟಿಗೆ," ಎಂದ ಶಂಕರೆಪ್ಪ.

ನಾಲ್ಕು ದಿನ ಹೋಗಿ ವಾರಗಳಾದವು. ಭಾಗ್ಯಜ್ಯೋತಿ ಹೊತ್ತು ಇಳಿಯುವ ಮುಂಚೆ ಮನೆಗೆ ಬರತೊಡಗಿದಳು. ಶನಿವಾರ ರಾತ್ರಿ ಚಾರ್ಜ್ ತುಂಬಿಸಿಟ್ಟರೆ ರವಿವಾರ ಗಾಡಿ ನಿಂತೇ ಇರುತ್ತಿತ್ತು, ಸೋಮವಾರಕ್ಕೆ ತೊಂದರೆಯಿರಲಿಲ್ಲ. ವಿಜಯಶ್ರೀಯ ಗಣಿತದ ಮಾರ್ಕುಗಳು ಏರಿದವು. ಸಗೀರಾಳ ರೂಮಿನ ಮಾತನ್ನು ಮನೆ ಮರೆಯುತ್ತ ಬಂದಿತು.

ಆದರೆ ಗಿರಣಿಯ ಬೋರ್ಡಿನಿಂದ ಕಾಯಂ ಮಾಡಲಾಗದು. ಮನೆಗೊಂದು ಚಾರ್ಜರ್ ಕೂರಿಸಲೇಬೇಕು. ಯಾವುದು, ಎಲ್ಲಿ ಎಂಬಲ್ಲಿ ಜಗಳ ಶುರುವಾಯಿತು.

"ಮೂರು ನಮೂನಿ ಅದಾವು," ಎಂದ ಸಂಜೀವಕುಮಾರ ರೊಟ್ಟಿ ಮುರಿಯುತ್ತ. ತಾಟಿನಲ್ಲಿ ಪುಂಡಿಪಲ್ಯೆ, ಅಗಸಿ ಚಟ್ನಿ. "ಈಗ ಇರೋ ವಾಯರ್ ಅಂದ್ರ ಇಡೀ ರಾತ್ರಿ ಬೇಕು. ಗ್ವಾಡಿಗೆ ಹಚ್ಚೂದು ತಗೊಂಡ್ರ ಅದರ ಅರ್ಧಾ ಹೊತ್ತು. ತ್ರೀ ಫೇಜಿಂದು ಐತಿ ನೋಡ್ರಿ, ಉಂಡ ಕೈ ತೊಳ್ಯೂದ್ರಾಗ ತುಂಬಿ ಕುಂತಿರ್ತೈತಿ. ಗಿರಣಿಗೆ ಹ್ಯಾಂಗೂ ತ್ರೀ ಫೇಜ್ ಐತಿ."

"ನಮ್ಮ ಗಾಡಿ ಅಷ್ಟ ತಗೋಳಂಗಿಲ್ರಿ," ಎಂದಳು ಭಾಗ್ಯಜ್ಯೋತಿ ಒಲೆಯ ಹತ್ತಿರದಿಂದ, ಸಣ್ಣ ದನಿಯಲ್ಲಿ. "ಚರಿಗಿ ಬಾಯಿ ಸಣ್ಣದಿದ್ರ ನಳ ಎಷ್ಟ ದೊಡ್ಡದಿದ್ರೇನು?"

"ನಾಳೆ ದೊಡ್ಡ ಗಾಡಿ ತಗೋತೀವಲ್ಲ, ಆಗ?"

"ಎಮ್ಮಿ ತರೂಕಿಂತ ಮೊದ್ಲ ಮಜ್ಜಗಿ ಕಡ್ಯಾಕ ಕುಂತಾನ ನೋಡು," ಎಂದಳು ಬಾಳಮ್ಮ.

ವಿಜಯಶ್ರೀ ನಕ್ಕಳು. "ಪಪ್ಪಾ ಚಾರ್ಜರ್ ವಿಡಿಯೋ ನೋಡಿ ನೋಡಿ ಗಾಡಿಗಿಂತ ಮೊಬೈಲಿಗೇ ಜಾಸ್ತಿ ಕರೆಂಟ್ ತಿನ್ನಿಸ್ಯಾರ."

"ನೀ ಓದಿನ ಕಡೆ ಲಕ್ಷ್ಯ ಕೊಡು."

"ಊಟದ ಮುಂದ ಏನ್ ಓದ್ಲಿ? ರೊಟ್ಟೀನ?"

"ಏನರೆ ಮಾಡ್ರಿ, ಮನಿ ಮೀಟರಿಗೆ ಕೈ ಹಚ್ಚಬ್ಯಾಡ್ರಿ," ಎಂದಳು ಬಾಳಮ್ಮ. "ಸೊನ್ನಿ ಬಿಲ್ ಬರಾಕತ್ತೈತಿ."

ಸರ್ಕಾರದ ಗೃಹಜ್ಯೋತಿ ಬಂದಾಗಿನಿಂದ ಆ ಸೊನ್ನೆ ಬಾಳಮ್ಮನ ಸ್ವಂತ ಆಸ್ತಿಯಾಗಿತ್ತು. ಯಾರಾದರೂ ಕೋಣೆ ಬಿಟ್ಟು ಹೊರಬಂದರೆ ಅವಳು ಹಿಂದೆಯೇ ಹೋಗಿ ದೀಪ ಆರಿಸುವಳು. ಬಿಲ್ಲಿನ ಚೀಟಿ ಬಂದ ದಿನ ಅದನ್ನು ನೆರೆಮನೆಯ ಗುಂಡವ್ವನಿಗೆ ತೋರಿಸಿ ಬರುವಳು.

"ಗಿರಣಿ ಕರೆಂಟ್ ಗಿರಣಿಗೆ," ಎಂದ ಶಂಕರೆಪ್ಪ, ತಾಟಿನಿಂದ ಮುಖ ಎತ್ತದೆ.

"ಮನಿ ಮೀಟರ್ ಬ್ಯಾಡ, ಗಿರಣಿ ಮೀಟರ್ ಬ್ಯಾಡ. ಗಾಡಿಗೇನು ಕಂದೀಲ ಎಣ್ಣಿ ಹಾಕೂಣ?" ಸಂಜೀವಕುಮಾರನಿಗೆ ಸಿಟ್ಟು ಬಂತು. "ಮೊದ್ಲ ಜಾಗಾ ಮಾಡೂಣ. ಆ ಗ್ವಾದಲಿ ಒಡದ್ರ ಗಾಡಿ ಕೊಟ್ಟಿಗ್ಯಾಗ ಪೂರಾ ಹೋಗ್ತೈತಿ. ಅದಽ ಗ್ವಾಡಿಗೆ ಚಾರ್ಜರ್ ಕುಂದರಿಸೂಣ."

ಶಂಕರೆಪ್ಪನ ಕೈ ನಿಂತಿತು. "ಗ್ವಾದಲಿ ಮುಟ್ಟಬ್ಯಾಡ."

"ಎತ್ತಽ ಇಲ್ಲ, ಗ್ವಾದಲಿ ಯಾಕಪ್ಪಾ?"

ಶಂಕರೆಪ್ಪ ಹೆಂಡತಿಯ ಕಡೆ ತಿರುಗಿ, "ಕೈಗೆ ನೀರ ಹಾಕು," ಎಂದ. ತಾಟಿನಲ್ಲಿ ಮುಕ್ಕಾಲು ರೊಟ್ಟಿ ಉಳಿದಿತ್ತು.

ಮರುದಿನ ಸಂಜೀವಕುಮಾರ ವೈರಿಂಗ್ ಕೆಲಸದ ಜೈನುದ್ದೀನನನ್ನು ಕರೆಸಿದ. ಜೈನುದ್ದೀನ ಗಿರಣಿ ನೋಡಿದ, ಮನೆಯ ಮೀಟರು ನೋಡಿದ, ಕೊಟ್ಟಿಗೆಯಲ್ಲಿ ನಿಂತು ಮೇಲೆ ಕೆಳಗೆ ನೋಡಿದ.

"ಗಿರಣಿ ಮೀಟರ್ ಹಿಟ್ಟಿಗೆ ಕೊಟ್ಟಿದ್ದು. ಗಾಡಿಗೆ ಕಾಯಂ ಹಚ್ಚಿದ್ರ ಕರೆಂಟ್ ಆಫೀಸಿನವ್ರು ಕೇಳ್ತಾರ. ಮನಿ ಮೀಟರಿಂದನಽ ಬ್ಯಾರೆ ದಪ್ಪ ವಾಯರ್ ಎಳೀಬೇಕು, ಛಲೋ ಅರ್ಥಿಂಗ್ ಮಾಡಬೇಕು, ಲೋಡ್ ಹೆಚ್ಚ ಮಾಡ್ರಿ ಅಂತ ಅರ್ಜಿ ಕೊಡಬೇಕು. ಅದೆಲ್ಲಾ ನನ್ನ ಕೆಲಸ. ಯಾವುದು ಕುಂದರಿಸ್ಲಿ, ಎಲ್ಲಿ ಕುಂದರಿಸ್ಲಿ ಹೇಳ್ರಿ."

"ಗ್ವಾದಲಿ ತಗದು ದೊಡ್ಡದು ಕುಂದರಿಸು," ಎಂದ ಸಂಜೀವಕುಮಾರ.

"ಗ್ವಾದಲಿ ತಗ್ಯಂಗಿಲ್ಲ," ಎಂದ ಶಂಕರೆಪ್ಪ ಗಿರಣಿಯ ಬಾಗಿಲಿಂದ.

"ಮನಿ ಮೀಟರ್ ಬ್ಯಾಡ," ಎಂದಳು ಬಾಳಮ್ಮ ಪಡಸಾಲೆಯಿಂದ.

ಜೈನುದ್ದೀನ ಮೂವರನ್ನೂ ನೋಡಿ ಕಟ್ಟೆಯ ಮೇಲೆ ಕುಳಿತ. "ಹಂಗಾದ್ರ ಚಹಾ ಕುಡದ ಹೋಕ್ಕೇನ್ರಿ. ಮೂರೂ ಮಾತು ಒಂದಾದ ದಿನ ಫೋನ್ ಮಾಡ್ರಿ."

ಚಹಾ ಕುಡಿದು ಹೋದ. ಗಾಡಿಯನ್ನು ದಿನಾ ಓಡಿಸುವವಳನ್ನು ಯಾರೂ ಏನೂ ಕೇಳಿರಲಿಲ್ಲ. ಅವಳು ಆಗ ಗೊಳಸಂಗಿಯಲ್ಲಿದ್ದಳು.

ಆ ಸಂಜೆ ಬಾಳಮ್ಮ ಗಂಡನಿಗೆ, "ಒಣಾ ಕಲ್ಲಿನ ಮ್ಯಾಲ ಯಾಕಷ್ಟ ಮಮಕಾರ ನಿಮಗ? ಮೊಮ್ಮಗಳ ಮ್ಯಾಲರೆ ಇರಲಿ," ಎಂದಳು. ಶಂಕರೆಪ್ಪ ಉತ್ತರ ಕೊಡಲಿಲ್ಲ. ಮರುದಿನವೂ ಕೊಡಲಿಲ್ಲ. ಮಗನ ಜೊತೆ ಮೊದಲೇ ಬಿಟ್ಟಿದ್ದ ಮಾತನ್ನು ಹೆಂಡತಿಯ ಜೊತೆಗೂ ಬಿಟ್ಟ. "ನೀವಽ ಬಿಟ್ಟ ಮ್ಯಾಲ ನನಗೇನು?" ಎಂದು ಬಾಳಮ್ಮನೂ ಬಿಟ್ಟಳು. ಹೊತ್ತಿಗೆ ಸರಿಯಾಗಿ ತಾಟು ಬರುತ್ತಿತ್ತು, ಖಾಲಿಯಾಗಿ ಹೋಗುತ್ತಿತ್ತು. ಸಂಕ್ರಾಂತಿಯ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಎಲ್ಲವೂ ಆದವು. ತಿನ್ನುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಮನೆಯ ಟಪಾಲು ನಿಂತಿತ್ತು.

ಹಬ್ಬದ ಮುಂದಿನ ರವಿವಾರ ಬಸವನ ಬಾಗೇವಾಡಿಯಲ್ಲಿ ಭಾಗ್ಯಜ್ಯೋತಿಯ ತಂಗಿಯ ಕುಬಸ. ಬಸುರಿಗೆ ಕುಬಸ ಮಾಡಿ, ಹಸಿರು ಬಳೆ ಇಡಿಸಿ ಎಲ್ಲರೂ ಕಾರಿನಲ್ಲೇ ಹೋಗಿ ಬಂದರು. ಶಂಕರೆಪ್ಪ ಮಾತ್ರ ಗಿರಣಿ ಬಿಟ್ಟು ಬರಲಿಲ್ಲ. ವಾಪಸು ಬಂದಾಗ ಹೊತ್ತು ಮುಳುಗುತ್ತಿತ್ತು, ಬ್ಯಾಟರಿ ತಳ ಕಂಡಿತ್ತು. ಭಾಗ್ಯಜ್ಯೋತಿ ಸೀರೆ ಕೂಡ ಬದಲಿಸದೆ ವಾಯರನ್ನು ಗಿರಣಿಯ ಬೋರ್ಡಿಗೆ ಹಾಕಿದಳು. ಪುಟ್ಟ ಪೆಟ್ಟಿಗೆಯ ಮೇಲೆ ಹಸಿರು ದೀಪ ಮಿಣುಕತೊಡಗಿತು.

ಮರುದಿನ ಶಾಲೆಯಲ್ಲಿ ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆ. ಪ್ರಶ್ನೆಪತ್ರಿಕೆಯ ಕಪಾಟಿನ ಕೀಲಿಕೈ ಅವಳ ಪರ್ಸಿನಲ್ಲಿತ್ತು.

ಅಡುಗೆಮನೆಗೆ ಬಂದು ಅವಳು, "ಅತ್ತಿ, ನಾಳೆ ಪರೀಕ್ಷಿ ಐತ್ರಿ. ಇವತ್ತ ಒಂದಿನ ಗಿರಣಿ ಮೇನ್ ತಗೀಬ್ಯಾಡ್ರಿ ಅಂತ ಮಾವಾರಿಗೆ ಹೇಳ್ರಿ," ಎಂದಳು.

"ನಾ ಅವರ ಕೂಡ ಮಾತಾಡಾಕತ್ತಿಲ್ಲವಾ. ಸಂಜುಗ ಹೇಳು."

ಸಂಜೀವಕುಮಾರ ಮಂಚದ ಮೇಲೆ ಕಾಲು ಚಾಚಿದ್ದ. "ನಾನಽ? ಅಪ್ಪ ನನ್ನ ಮಾರಿ ಸುದ್ದಾ ನೋಡವಲ್ಲ. ವಿಜಿಗ ಕಳಸು."

"ಅಕಿ ಓದಾಕ ಅಫ್ರೀನ ಮನಿಗೆ ಹೋಗ್ಯಾಳ."

"ಆತ್ ಬಿಡು, ಹೇಳ್ತೇನಿ."

ಅವಳು ಹಿತ್ತಲಿಗೆ ಬಂದಳು. ಶಂಕರೆಪ್ಪ ಬಚ್ಚಲಲ್ಲಿ ಕೈಕಾಲು ತೊಳೆದು, ವಿಭೂತಿಯ ಉಂಡೆ ಹಿಡಿದು ಗಿರಣಿಯ ಕಡೆ ಹೊರಟಿದ್ದ. ಅವಳ ಮುಂದೆಯೇ ಹಾದ. ಅವಳ ಕೈ ತಾನಾಗಿ ಸೆರಗನ್ನು ತಲೆಯ ಮೇಲೆಳೆಯಿತು. ಬಾಯಿ ತೆರೆಯಿತು. ಅವನು ಒಂದು ಗಳಿಗೆ ನಿಂತಂತೆ ಮಾಡಿದ. ಅವಳು ಬಚ್ಚಲ ಗೋಡೆಯನ್ನು ನೋಡಿದಳು. ಅವನು ಮುಂದೆ ಹೋದ.

ಒಳಗೆ ಬಂದಾಗ ಸಂಜೀವಕುಮಾರ ಮಂಚದ ಮೇಲಿರಲಿಲ್ಲ. ಹೇಳಲು ಹೋಗಿರಬೇಕೆಂದುಕೊಂಡು ಅವಳು ಒಲೆ ಹೊತ್ತಿಸಿದಳು. ಅವನು ಹೋಗಿದ್ದು ಬೈಕನ್ನು ಒಳಗಿಡಲಿಕ್ಕೆ.

ಸೋಮವಾರ ಬೆಳಗ್ಗೆ ಪೆಟ್ಟಿಗೆಯ ಮೇಲೆ ದೀಪವಿರಲಿಲ್ಲ. ಸ್ಟೇರಿಂಗಿನ ಹಿಂದಿನ ಬ್ಯಾಟರಿಯ ಚಿತ್ರದಲ್ಲಿ ಕೆಂಪು ಗೆರೆಯೊಂದೇ ಉಳಿದಿತ್ತು. ನಿಡಗುಂದಿ ಮುಟ್ಟುವುದೂ ಅನುಮಾನ. ಬಸ್ಸು ಹೋಗಿತ್ತು.

"ಹೇಳಿದ್ರೋ ಇಲ್ಲೋ?"

ಸಂಜೀವಕುಮಾರ ಬಾಯಲ್ಲಿ ಬ್ರಶ್ ಇಟ್ಟುಕೊಂಡೇ ನಿಂತ. "ಅವ್ವ ಹೇಳಿರ್ತಾಳ ಅಂತ..."

"ನಾ ಯಾವಾಗ ಹೇಳ್ತೇನಿ ಅಂದ್ನಿ?" ಬಾಳಮ್ಮ ಒಳಗಿಂದ ಕೂಗಿದಳು.

"ಮುಖಾ ತೊಳಕೊಂಡ ಬೈಕ್ ತಗೀರಿ," ಎಂದಳು ಭಾಗ್ಯಜ್ಯೋತಿ.

ಚಳಿಯಲ್ಲಿ ಬೈಕಿನ ಮೇಲೆ ಗೊಳಸಂಗಿ ಮುಟ್ಟುವಾಗ ಪ್ರಾರ್ಥನೆ ಮುಗಿದು ಬಹಳ ಹೊತ್ತಾಗಿತ್ತು. ಮಕ್ಕಳು ಪ್ಯಾಡು ಹಿಡಿದು ಅಂಗಳದಲ್ಲಿ ಕುಳಿತಿದ್ದರು. ಹೆಡ್‌ಮಾಸ್ತರರು ಬೈಯಲಿಲ್ಲ. ಕೀಲಿಕೈ ತೆಗೆದುಕೊಂಡು ಕಪಾಟು ತೆರೆದರು. ಪರೀಕ್ಷೆ ಮುಗಿದ ಮೇಲೆ, "ಮೇಡಂ, ಇಲ್ಲೇ ಒಂದ್ ರೂಮ್ ನೋಡ್ಕೊಂಡ್ರ ನಿಮಗೂ ಛಲೋ," ಎಂದಷ್ಟೇ ಹೇಳಿದರು. ಸಗೀರಾ ತನ್ನ ಡಬ್ಬಿಯ ಮುಚ್ಚಳದಲ್ಲಿ ಅವಳಿಗೂ ಅನ್ನ ಹಾಕಿದಳು. ಬೆಳಗಿನ ಗಡಿಬಿಡಿಯಲ್ಲಿ ಅವಳು ಡಬ್ಬಿಯನ್ನೇ ತಂದಿರಲಿಲ್ಲ.

ಸಂಜೆ ದೀಪ ಹಚ್ಚಿದ ಮೇಲೆ ಶಂಕರೆಪ್ಪ ಒಪ್ಪೊತ್ತಿನ ಊಟಕ್ಕೆ ಕುಳಿತ. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯೆ, ಮೊಸರು. ಸಂಜೀವಕುಮಾರನೂ ವಿಜಯಶ್ರೀಯೂ ಪಕ್ಕದಲ್ಲಿ. ಅಡುಗೆಮನೆಯ ಒಳಗೆ ರೊಟ್ಟಿ ತಟ್ಟುವ ಸದ್ದು ನಿಂತಿತು.

"ನಾ ಬರೂ ವಾರದಿಂದ ಸಗೀರಾ ಮೇಡಂ ರೂಮಿಗೆ ಹೋಗ್ತೇನಿ," ಎಂದಳು ಭಾಗ್ಯಜ್ಯೋತಿ. ಯಾರಿಗೆ ಹೇಳಿದಳೆಂದು ಗೊತ್ತಾಗುವಂತಿರಲಿಲ್ಲ.

"ನನ್ನ ಪರೀಕ್ಷಿ ಮುಗಿಯೂತನಕರೆ ಇರು ಮಮ್ಮಿ," ಎಂದಳು ವಿಜಯಶ್ರೀ. ತುತ್ತು ಬಾಯಲ್ಲೇ ಇತ್ತು.

"ಅಲ್ಲೂ ನಿನ್ನಂಥಾ ಹುಡುಗ್ಯಾರಽ ಅದಾರ. ಇವತ್ತ ನನ್ನ ಸಲುವಾಗಿ ಅಂಗಳದಾಗ ಕುಂತಿದ್ರು."

"ಎಲ್ಲಾ ನಿನ್ನಿಂದ ಆತು," ಎಂದಳು ಬಾಳಮ್ಮ ಮಗನಿಗೆ. "ಒಂದ್ ಮಾತ ಹೇಳೂದಕ್ಕ ನಾಲಗಿ ಸವೀತಿತ್ತೇನು?"

"ನೀನಽ ಹೇಳಬೇಕಿತ್ತು. ದಿನಾ ಯಾರ ಹೇಳ್ತಾರ?"

"ಒಂದಿನ ನಾ ಬಿಟ್ರ ಮನಿ ನಿಂದರ್ತೈತೇನು?"

"ನಿಂತೈತಲ್ಲ!"

ಶಂಕರೆಪ್ಪ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದ. "ಏನಾಗೈತಿ, ಕೇಳು," ಎಂದ ರೂಢಿಯಂತೆ, ಹೆಂಡತಿಯ ಕಡೆ. ಬಾಳಮ್ಮ ಮುಖ ತಿರುಗಿಸಿದಳು.

"ಯಾರ್ನೂ ಕೇಳೂದ ಬ್ಯಾಡ ಮುತ್ಯಾ, ನಾ ಹೇಳ್ತೇನಿ," ಎಂದಳು ವಿಜಯಶ್ರೀ. "ನಿನ್ನೆ ನೀ ಮೇನ್ ತಗದಿ. ಮಮ್ಮಿ ಗಾಡಿ ರಾತ್ರಿ ಎಲ್ಲಾ ಉಪಾಸ ಮಲಗ್ತು. ಮಮ್ಮಿಗೆ ತಡಾ ಆತು. ತಗೀಬ್ಯಾಡ್ರಿ ಅಂತ ನಿನಗ ಹೇಳಾಕ ಆಯಿಗೆ ಹೇಳಿದ್ಲು, ಆಯಿ ಪಪ್ಪಾಗ ಅಂದ್ಲು, ಪಪ್ಪಾ ನನಗ ಅಂದ್ರು. ನಾ ಮನ್ಯಾಗಽ ಇರ್ಲಿಲ್ಲ."

ಶಂಕರೆಪ್ಪ ಕೈಯಲ್ಲಿದ್ದ ರೊಟ್ಟಿಯ ಚೂರನ್ನು ತಾಟಿನ ಅಂಚಿಗಿಟ್ಟ.

"ನೋಡಿದ್ನಿ," ಎಂದ. "ಹಸರ ದೀಪ ಮಿಣಕ್ ಮಿಣಕ್ ಅನ್ನಾಕತ್ತಿತ್ತು. ತಗೀಲೋ ಬ್ಯಾಡೋ, ಕೇಳಬೇಕಂದ್ನಿ. ಯಾರ್ನ ಕೇಳ್ಲಿ?"

ಮೊಸರಿನ ಬಟ್ಟಲ ಮೇಲೆ ಕುಳಿತ ನೊಣವನ್ನು ಯಾರೂ ಓಡಿಸಲಿಲ್ಲ.

"ಇಷ್ಟ ವರ್ಷ ಎತ್ತ ಕಟ್ಟಿದ್ನಿ. ಸೋಮವಾರ ಒಂದ್ ದಿನಾ ನೊಗ ಇಟ್ಟಿಲ್ಲ. ಮೇವ ಮಾತ್ರ ಒಂದ್ ದಿನಾ ತಪ್ಪಿಸಿಲ್ಲ. ನೊಗ ಬ್ಯಾಡ ಅಂದಾರ ಹಿರ್ಯಾರು, ಮೇವ ಬ್ಯಾಡ ಅಂದಿಲ್ಲ." ಅವನು ತಾಟನ್ನೇ ನೋಡುತ್ತ ಹೇಳಿದ. "ಬಾಯಾಗಿನ ಹುಲ್ಲ ಕಸಗೊಂಡಂಗಾತು."

ಆಮೇಲೆ ಅವನು ಅಡುಗೆಮನೆಯ ಬಾಗಿಲ ಕಡೆ ತಿರುಗಿದ.

"ಭಾಗ್ಯಾ."

ಒಳಗಿಂದ ತವೆಯ ಮೇಲಿನ ರೊಟ್ಟಿ ಹೊತ್ತುವ ವಾಸನೆ ಬಂತು.

"ಯಾವ ಚಾರ್ಜರ್ ಬೇಕು ನಿನಗ?"

ಬಾಳಮ್ಮ ರೂಢಿಯಲ್ಲಿ, "ಯಾವುದು ಬೇಕಂತವಾ..." ಎಂದು ಶುರುಮಾಡಿದಳು.

"ನೀ ಸುಮ್ಕಿರು. ಅಕಿ ಹೇಳ್ಲಿ."

ಭಾಗ್ಯಜ್ಯೋತಿ ಹಿಟ್ಟಿನ ಕೈಯಲ್ಲೇ ಸೆರಗು ಸರಿಪಡಿ‌ಸಿಕೊಂಡು ಬಾಗಿಲಿಗೆ ಬಂದಳು. ದಿನಾ ನೂರು ಮಕ್ಕಳ ಮುಂದೆ ನಿಲ್ಲುವವಳ ದನಿ ಮೊದಲ ಮಾತಿಗೆ ಒಡೆಯಿತು. ಎರಡನೆಯ ಮಾತಿಗೆ ಸರಿಹೋಯಿತು.

"ಸಣ್ಣದಽ ಸಾಕ್ರಿ ಮಾವಾರ. ಈಗ ಇರೂದಽ. ಸಂಜಿಕ ಬಂದು ಹಚ್ಚಿದ್ರ ಮುಂಜಾನಿ ಅನ್ನೂದ್ರಾಗ ತುಂಬ್ತೈತಿ. ರಾತ್ರಿ ಗಾಡಿ ಎಲ್ಲಿ ಹೋಗಬೇಕೈತ್ರಿ? ಸಾವಕಾಶ ತುಂಬಿದ್ರ ಬ್ಯಾಟರಿಗೂ ಛಲೋ. ಒಂದ್ ದಪ್ಪ ವಾಯರ್, ಒಂದ್ ಪ್ಲಗ್ಗು, ಅರ್ಥಿಂಗ್. ಅಷ್ಟಽ ಆದ್ರ ಸಾಕು."

"ಎತ್ತ ಮೇದಂಗ," ಎಂದ ಶಂಕರೆಪ್ಪ. "ರಾತ್ರಿ ಎಲ್ಲಾ ಸಾವಕಾಶ ಮೆಲಕ ಹಾಕೋತ."

"ಹೌದ್ರಿ."

"ಗ್ವಾದಲಿ ಒಡೀಬೇಕೇನು?"

"ಬ್ಯಾಡ್ರಿ. ಗಾಡಿ ಹಿಂದ್ಕ ಹಾಕಿ ನಿಂದ್ರಿಸಿದ್ರ ಮಾರಿ ಅಷ್ಟಽ ಹೊರಗ ಬರ್ತೈತಿ. ಗ್ವಾದಲಿ ಮ್ಯಾಲ ಗ್ವಾಡಿ ಐತಲ್ರಿ, ಅಲ್ಲಿ ಪ್ಲಗ್ ಕುಂದರಿಸಬಹುದು. ವಾಯರ್ ಸುತ್ತಿ ಗ್ವಾದಲ್ಯಾಗಽ ಇಡಬಹುದು, ನೆಲದ ಮ್ಯಾಲ ಬೀಳಂಗಿಲ್ಲ."

ಸಂಜೀವಕುಮಾರ ಹೆಂಡತಿಯನ್ನು ನೋಡಿದ. "ಇದನ್ನ ಮೊದ್ಲಽ ಯಾಕ ಹೇಳ್ಲಿಲ್ಲ?"

"ಯಾರ ಕೇಳಿದ್ರಿ?"

ವಿಜಯಶ್ರೀ ಕೆಮ್ಮಿದಳು. ಅದು ಕೆಮ್ಮಲ್ಲವೆಂದು ಎಲ್ಲರಿಗೂ ಗೊತ್ತಾಯಿತು. ಸಂಜೀವಕುಮಾರ ಮೊಬೈಲನ್ನು ಬೋರಲು ಹಾಕಿ ತಾಟಿನ ಪಕ್ಕಕ್ಕೆ ಸರಿಸಿ, ಇನ್ನೊಂದು ರೊಟ್ಟಿ ಕೇಳಿದ.

"ಮತ್ತ ಮೀಟರ್?" ಶಂಕರೆಪ್ಪ ಈಗ ಬಾಳಮ್ಮನ ಕಡೆ ನೋಡಿದ. ಎಷ್ಟೋ ದಿನದ ಮೇಲೆ ನೇರವಾಗಿ ನೋಡಿದ.

ಬಾಳಮ್ಮ ಬದನೆಕಾಯಿಯ ಪಾತ್ರೆಯಲ್ಲಿ ಸೌಟು ತಿರುಗಿಸುತ್ತ ಕುಳಿತಳು. ಸೌಟು ತಿರುಗಿತು, ತಿರುಗಿತು, ನಿಂತಿತು. "ಹಚ್ಚಿರಿ. ಆ ಸೊನ್ನಿ ಏನ್ ಉಪ್ಪಿನಕಾಯಿ ಹಾಕಿ ಇಟಗೋಳ್ಲಿ? ಹುಡುಗಿ ತಾಯಿ ಮನ್ಯಾಗ ಇರ್ಲಿ." ಆಮೇಲೆ ಗಂಡನ ತಾಟಿಗೆ ಪಲ್ಯೆ ಬಡಿಸುತ್ತ, "ರೊಟ್ಟಿ ಬಿಟ್ಟ ಎದ್ರ ಮಾತ್ರ ನೋಡ್ರಿ ಇವತ್ತ. ಮುಂಜಾನಿಂದ ಉಪಾಸ ಇದ್ದೀರಿ," ಎಂದಳು.

ಶಂಕರೆಪ್ಪ ಅಂಚಿಗಿಟ್ಟ ಚೂರನ್ನು ಮತ್ತೆ ಕೈಗೆ ತೆಗೆದುಕೊಂಡ. ಊಟವಾದ ಮೇಲೆ ಗಿರಣಿಗೆ ಹೋಗಿ ಮೇನ್ ಹಿಡಿಕೆ ಮೇಲೆತ್ತಿದ. ಕೊಟ್ಟಿಗೆಯ ಕತ್ತಲಲ್ಲಿ ಹಸಿರು ದೀಪ ಹೊತ್ತಿತು.

"ಹತ್ತೈತೇನು ನೋಡವಾ," ಎಂದು ಅಲ್ಲಿಂದಲೇ ಕೂಗಿದ.

"ಹತ್ತೈತ್ರಿ," ಎಂದು ಭಾಗ್ಯಜ್ಯೋತಿ ಹಿತ್ತಲಿಂದ ಕೂಗಿ ಹೇಳಿದಳು.

ಮರುದಿನ ಶಂಕರೆಪ್ಪ ಗಿರಣಿಯನ್ನು ತಡವಾಗಿ ತೆರೆದ. ಗೋದಲಿಯಲ್ಲಿದ್ದ ಚೀಲ, ಬೆಲ್ಟು, ಜರಡಿಗಳನ್ನು ಹೊರಗೆ ಹಾಕಿದ. ಜೇಡರ ಬಲೆ ತೆಗೆದು, ನೀರು ಹೊಯ್ದು ಕಲ್ಲನ್ನು ತಿಕ್ಕಿದ. ಎತ್ತುಗಳ ಕತ್ತು ಉಜ್ಜಿ ಉಜ್ಜಿ ಅಂಚು ನುಣುಪಾಗಿತ್ತು. ಹಿಟ್ಟು ಬೀಸಿಸಲು ಬಂದ ಗುಂಡವ್ವ, "ಏನ್ರಿ ಶಂಕರೆಪ್ಪಣ್ಣಾರ, ಮತ್ತ ಎತ್ತ ತರಾಕತ್ತೀರೇನು?" ಎಂದಳು.

"ತಂದೇವಿ. ನೀಲಿದು," ಎಂದ ಶಂಕರೆಪ್ಪ.

ಜೈನುದ್ದೀನ ಬಂದು ಮೊದಲು ಕಟ್ಟೆಯ ಮೇಲೆ ಕುಳಿತ. "ಮೂರೂ ಮಾತು ಒಂದಾಗ್ಯಾವೋ, ಚಹಾ ಕುಡದ ಹೋಗೂದೋ?"

"ಒಂದಾಗ್ಯಾವು," ಎಂದಳು ಬಾಳಮ್ಮ. "ಚಹಾನೂ ಕುಡಿ."

ಲೋಡಿನ ಅರ್ಜಿಯ ಕೆಲಸ ಮುಗಿಯಲು ಕೆಲವು ದಿನ ಹಿಡಿಯಿತು. ಶನಿವಾರದ ಹೊತ್ತಿಗೆ ಗೋದಲಿಯ ಮೇಲಿನ ಗೋಡೆಗೆ ಪ್ಲಗ್ಗು ಕೂತಿತ್ತು, ಕೊಟ್ಟಿಗೆಯ ಮೂಲೆಯಲ್ಲಿ ಅರ್ಥಿಂಗಿನ ಗುಂಡಿ ಮುಚ್ಚಿತ್ತು. ಸಗೀರಾಳ ರೂಮಿಗೆ ಭಾಗ್ಯಜ್ಯೋತಿ ಹೋಗಲಿಲ್ಲ. ಬಾಳಮ್ಮ ಕೊಟ್ಟ ಶೇಂಗಾ ಹೋಳಿಗೆಯ ಡಬ್ಬಿ ಹೋಯಿತು. ಸಗೀರಾ ಅದನ್ನು ಖಾಲಿ ಮಾಡಿ, "ಮೇಡಂ ಬರಲಿಲ್ಲಂದ್ರೂ ನಡೀತೈತಿ, ಡಬ್ಬಿ ಬರ್ತಿರ್ಲಿ ಅಂತ ಅತ್ತಿಯವ್ರಿಗೆ ಹೇಳ್ರಿ," ಎಂದು ಕಳಿಸಿದಳು.

ರವಿವಾರ ಹೊತ್ತು ಮುಳುಗುವಾಗ ಶಂಕರೆಪ್ಪ ಗಿರಣಿಯ ಮೇನ್ ಹಿಡಿಕೆಯನ್ನು ಕೆಳಗೆಳೆದು ವಿಭೂತಿ ಹಚ್ಚಿದ. ಅದೇ ಕೈಯಲ್ಲಿ ಕೊಟ್ಟಿಗೆಗೆ ಬಂದು ಕಾರಿನ ಹಣೆಗೂ ಮೂರು ಬೆರಳು ಎಳೆದ. ಗಿರಣಿ ಸುಮ್ಮನಾಗಿತ್ತು. ಗೋದಲಿಯ ಮೇಲೆ ದೀಪ ಮಿಣುಕುತ್ತಲೇ ಇತ್ತು.

ಬಾಳಮ್ಮ ಬಾಗಿಲಲ್ಲಿ ನಿಂತು ಕೆಣಕಿದಳು. "ನಾಳೆ ಸೋಮವಾರ. ಸೊಸಿ ಗಾಡಿ ಹೂಡ್ತಾಳಲ್ರಿ. ನಿಮ್ಮ ನೇಮ ಎಲ್ಲಿ ಹೋತು?"

"ಗಿರಣಿಗೆ ನಾ ಮಾಲಕ, ಅದಕ್ಕ ಸೋಮವಾರ. ಗಾಡಿಗೆ ಅಕಿ ಮಾಲಕಿ. ಅಕಿ ಸೂಟಿ ರವಿವಾರ. ದುಡಿಯೂ ಎತ್ತಿಗೆ ವಾರದಾಗ ಒಂದಿನ ವಿಶ್ರಾಂತಿ ಸಿಕ್ರ ಆತು, ಬಸವಣ್ಣ ಲೆಕ್ಕಾ ಕೇಳಂಗಿಲ್ಲ."

ಸೋಮವಾರ ಬೆಳಗ್ಗೆ ಭಾಗ್ಯಜ್ಯೋತಿ ಪರ್ಸು, ಡಬ್ಬಿ ಹಿಡಿದು ಬಂದಾಗ ಶಂಕರೆಪ್ಪ ಕೊಟ್ಟಿಗೆಯಲ್ಲಿದ್ದ. ಪಿನ್ನನ್ನು ತಾನೇ ಕಿತ್ತು, ಎತ್ತಿನ ಹಗ್ಗ ಸುತ್ತುವಂತೆ ವಾಯರನ್ನು ಮೊಣಕೈಗೆ ಸುತ್ತಿ ಗೋದಲಿಯಲ್ಲಿ ಇಡುತ್ತಿದ್ದ.

"ತುಂಬೈತೇನವಾ ಹೊಟ್ಟಿ?"

ಅವಳು ಒಳಗೆ ಕುಳಿತು ನೋಡಿದಳು. ಗಾಡಿ ಓಡಿಸಲು ತೊಡಕಾಗಬಾರದೆಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ಅದು ತಲೆಯ ಮೇಲೆ ಇಲ್ಲವೆಂಬುದು ಆಮೇಲೆ ನೆನಪಾಯಿತು. ಅವನು ಅದನ್ನು ಗಮನಿಸಿದಂತೆ ಕಾಣಲಿಲ್ಲ.

"ಪೂರಾ ತುಂಬೈತ್ರಿ ಮಾವಾರ."

"ಸಾವಕಾಶ ಹೋಗು. ನಿಡಗುಂದಿ ಹಂತ್ಯಾಕ ಕಬ್ಬಿನ ಗಾಡಿ ಭಾಳ ಇರ್ತಾವ."

"ಹೂಂನ್ರಿ."

ಕಾರು ಸದ್ದಿಲ್ಲದೆ ಓಣಿಯ ತಿರುವು ದಾಟಿತು. ಶಂಕರೆಪ್ಪ ಅಂಗಿಯ ಧೂಳು ಕೊಡವಿಕೊಂಡು ಪಡಸಾಲೆಗೆ ಬಂದ. ಬಾಳಮ್ಮ ಕಂಬಕ್ಕೆ ಒರಗಿ, ಕಾಲು ಚಾಚಿ ಕುಳಿತಿದ್ದಳು.

"ಏನಂದ್ಲು?" ಎಂದಳು.

"ನಿನಗ್ಯಾಕ? ನನಗ ಹೇಳ್ಯಾಳ."

ಬಾಳಮ್ಮ ನಕ್ಕು, ಚಾಚಿದ ಕಾಲನ್ನು ಇನ್ನಷ್ಟು ಚಾಚಿದಳು.

"ಕಡೀಕ ಸೋಮವಾರದ ಸೂಟಿ ನನಗ ಸಿಕ್ತು ನೋಡ್ರಿ."